ಮನೆಗೊಂದಲ್ಲ, ದಡಕ್ಕೊಂದು ಎಂಜಿನ್: ಹೇಮಾವತಿ ಹಿನ್ನೀರಿನ ಮೀನುಗಾರರಿಗೆ ಬಹಿರಂಗ ಪತ್ರ

ಹೇಮಾವತಿ ಹಿನ್ನೀರಿನಲ್ಲಿ ಬಲೆ ಬಿಟ್ಟು ಬದುಕುವ ಅಣ್ಣತಮ್ಮಂದಿರಿಗೆ, ದಡದಲ್ಲಿ ಮೀನು ತೂಗಿ ಮಾರುವ ಅಕ್ಕತಂಗಿಯರಿಗೆ, ಮೀನುಗಾರರ ಸಹಕಾರ ಸಂಘಗಳ ಎಲ್ಲ ಸದಸ್ಯರಿಗೆ,



ತೆಪ್ಪದ ಜಾಗಕ್ಕೆ ಫೈಬರ್ ದೋಣಿ ಬರಲಿ, ಅದರ ಹಿಂಬದಿಗೆ ಒಂದು ಔಟ್‌ಬೋರ್ಡ್ ಎಂಜಿನ್ ಕೂರಲಿ ಎಂಬ ಆಸೆ ನಿಮ್ಮಲ್ಲಿ ಹಲವರಿಗಿದೆ. ಆ ಆಸೆ ನ್ಯಾಯವಾದದ್ದು. ಸಂಜೆ ಬಲೆ ಬಿಟ್ಟು, ನಸುಕಿನಲ್ಲಿ ಎತ್ತಿ, ಎದುರು ಗಾಳಿಯಲ್ಲಿ ಹುಟ್ಟು ಹಾಕುತ್ತಾ ದಡ ಸೇರುವ ಹೊತ್ತಿಗೆ ವ್ಯಾಪಾರಿಯ ಗಾಡಿ ಹೊರಟು ಹೋಗಿದ್ದರೆ ಅಂದಿನ ದುಡಿಮೆಗೆ ಅರ್ಧ ಬೆಲೆ. ಐವತ್ತು ದಾಟಿದವರ ಭುಜ, ಬೆನ್ನು ಏನಾಗಿವೆ ಎಂದು ಅವರ ಮನೆಯವರಿಗೇ ಗೊತ್ತು. ಆದ್ದರಿಂದ ಎಂಜಿನ್ ಬೇಡ ಎಂದು ಹೇಳಲು ಈ ಪತ್ರ ಬರೆಯುತ್ತಿಲ್ಲ. ಯಾವ ಎಂಜಿನ್, ಎಷ್ಟು ಎಚ್‌ಪಿಯದ್ದು, ಯಾರ ಹೆಸರಿನಲ್ಲಿ, ದಿನಕ್ಕೆ ಎಷ್ಟು ಲೀಟರ್ ಕುಡಿಯುವಂಥದ್ದು ಎಂಬುದನ್ನು ಕೊಳ್ಳುವ ಮೊದಲೇ ಕೂತು ಮಾತಾಡೋಣ ಎಂದು ಬರೆಯುತ್ತಿದ್ದೇನೆ.

ನಾನು ಪಂಪ್‌ಸೆಟ್, ಸ್ಪ್ರೇಯರ್, ಪವರ್ ಟಿಲ್ಲರ್ ರಿಪೇರಿ ಮಾಡುವವನು. ಕರಾವಳಿಗೆ ಹೋದಾಗಲೆಲ್ಲ ಮಲ್ಪೆ, ಗಂಗೊಳ್ಳಿಯ ನಾಡದೋಣಿಗಳ ಎಂಜಿನ್ ಬಿಚ್ಚುವ ಕಡೆ ನಿಂತು ನೋಡುವುದು, ಕೇಳುವುದು ನನ್ನ ರೂಢಿ. ನೀರಿನ ವಿಷಯದಲ್ಲಿ ನೀವು ಬಲ್ಲವರು. ಎಂಜಿನ್ ವಿಷಯದಲ್ಲಿ ನನಗೆ ತಿಳಿದದ್ದನ್ನು ನಿಮ್ಮ ಮುಂದಿಡುವುದು ನನ್ನ ಕರ್ತವ್ಯ ಎನ್ನಿಸಿದೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳುತ್ತೇನೆ. ನಮ್ಮ ಹಿನ್ನೀರಿಗೆ 10 ಎಚ್‌ಪಿ ಒಳಗಿನ ಫೋರ್ ಸ್ಟ್ರೋಕ್ ಎಂಜಿನ್ ಸಾಕು. ಅದೂ ಮನೆಗೊಂದು ಬೇಡ, ದಡಕ್ಕೊಂದು ಇರಲಿ.

ಯಾಕೆ ಮನೆಗೊಂದು ಬೇಡ? ಕಡಲಿನವರ ಲೆಕ್ಕ ಬೇರೆ, ನಮ್ಮ ಲೆಕ್ಕ ಬೇರೆ. ಅವರು ಒಂದು ಲೀಟರ್ ಹೆಚ್ಚು ಸುಟ್ಟರೆ ಹೊಸ ಜಾಗ ಸಿಗಬಹುದು, ಬಂಗುಡೆ, ಬೂತಾಯಿಯ ಹಿಂಡು ಎದುರಾಗಬಹುದು. ಹೇಮಾವತಿ ಜಲಾಶಯ ತುಂಬಿದಾಗ ಹರಡುವುದು ಸುಮಾರು 8,500 ಹೆಕ್ಟೇರ್. ಕೇಳಲು ದೊಡ್ಡದು, ಆದರೆ ಅದಕ್ಕೆ ಗಡಿಯಿದೆ. ಅದರೊಳಗಿನ ಕಾಟ್ಲಾ, ರೋಹು, ಮೃಗಾಲ್ ಬಹುಪಾಲು ಬಿತ್ತನೆ ಮರಿ ಬಿಟ್ಟಿದ್ದರಿಂದ ಬೆಳೆದದ್ದು. ಜಿಲೇಬಿ ಮೀನು ತಾನಾಗಿ ಹೆಚ್ಚುತ್ತದೆ. ಹತ್ತು ಮನೆಯವರು ಹತ್ತು ಎಂಜಿನ್ ತಂದರೆ ಮೀನು ಹತ್ತು ಪಟ್ಟು ಆಗುವುದಿಲ್ಲ. ಇರುವ ಮೀನನ್ನೇ ಹತ್ತು ಜನ ಬೇಗ ಬೇಗ ಹಿಡಿಯುತ್ತಾರೆ, ಹತ್ತು ಮನೆಗೂ ಪೆಟ್ರೋಲ್ ಖರ್ಚು ಬರುತ್ತದೆ. ಮೊದಲನೆಯವನು ಎಂಜಿನ್ ಹಾಕಿದಾಗ ಅವನಿಗೆ ಲಾಭ ಕಾಣುತ್ತದೆ. ಅದನ್ನು ನೋಡಿ ಉಳಿದವರು ಸಾಲ ಮಾಡಿ ಹಾಕಿಸಿದ ಮೇಲೆ ಯಾರಿಗೂ ಹೆಚ್ಚುವರಿ ಕಾಣುವುದಿಲ್ಲ, ಸಾಲದ ಕಂತು ಮಾತ್ರ ಎಲ್ಲರಿಗೂ ಉಳಿಯುತ್ತದೆ. ನಮ್ಮ ಬಯಲುಸೀಮೆಯಲ್ಲಿ ಬೋರ್‌ವೆಲ್ ವಿಷಯದಲ್ಲಿ ಇದೇ ಆಯಿತು. ಒಬ್ಬ ಆಳಕ್ಕೆ ಇಳಿದ, ಪಕ್ಕದವನು ಇನ್ನೂ ಆಳಕ್ಕೆ ಇಳಿದ, ಕೊನೆಗೆ ನೀರು ಯಾರಿಗೂ ಇಲ್ಲ. ಚನ್ನರಾಯಪಟ್ಟಣ, ಅರಸೀಕೆರೆಯ ಕಡೆಯವರನ್ನು ಕೇಳಿದರೆ ಹೇಳುತ್ತಾರೆ.

ದಡಕ್ಕೊಂದು ಎಂದರೆ ಹೀಗೆ. ಒಂದು ದಡದಿಂದ ಹೊರಡುವ ಎಂಟು ಹತ್ತು ತೆಪ್ಪಗಳು ಸೇರಿ, ಸಂಘದ ಹೆಸರಿನಲ್ಲಿ, ಇಪ್ಪತ್ತು ಅಡಿ ಆಸುಪಾಸಿನ ಒಂದು ಫೈಬರ್ ದೋಣಿ ಇಟ್ಟುಕೊಳ್ಳುವುದು. ಸಂಜೆ ಆ ದೋಣಿ ತೆಪ್ಪಗಳನ್ನು ಹಗ್ಗ ಕಟ್ಟಿ ನಿಧಾನಕ್ಕೆ ಎಳೆದುಕೊಂಡು ಹೋಗಿ ಅವರವರ ಜಾಗದಲ್ಲಿ ಬಿಡುತ್ತದೆ. ಬಲೆ ಬಿಡುವುದು, ಎತ್ತುವುದು ತೆಪ್ಪದಲ್ಲೇ. ಆ ಕೆಲಸಕ್ಕೆ ತೆಪ್ಪದಷ್ಟು ಒಳ್ಳೆಯ ಸಾಧನ ಇನ್ನೊಂದಿಲ್ಲ, ಮೊಣಕಾಲು ನೀರಿನಲ್ಲೂ ತಿರುಗುತ್ತದೆ, ಬಲೆಯ ಮೇಲೇ ನಿಲ್ಲುತ್ತದೆ. ಬೆಳಿಗ್ಗೆ ದೋಣಿ ಬಂದು ಎಲ್ಲರ ಮೀನನ್ನು ಐಸ್ ಪೆಟ್ಟಿಗೆಗೆ ತುಂಬಿಕೊಂಡು ಗಾಡಿ ಹೊರಡುವ ಮೊದಲು ದಡ ಸೇರುತ್ತದೆ. ಜೂನ್, ಜುಲೈ ತಿಂಗಳ ಪಶ್ಚಿಮದ ಗಾಳಿಗೆ ಯಾರದಾದರೂ ತೆಪ್ಪ ಸಿಕ್ಕಿಕೊಂಡರೆ ಹೋಗಿ ಕರೆತರುವುದಕ್ಕೂ ಅದೇ ದೋಣಿ. ಎಂಜಿನ್ನಿನಿಂದ ನಿಮಗೆ ನಿಜವಾಗಿ ಸಿಗುವ ಲಾಭ ಎರಡು: ಹೊತ್ತಿಗೆ ಸರಿಯಾಗಿ ದಡ ಸೇರುವುದು, ಜೀವಕ್ಕೆ ಭದ್ರತೆ. ಎರಡೂ ಒಂದು ಎಂಜಿನ್ನಿನಿಂದ ಹತ್ತು ಮನೆಗೆ ಸಿಗುತ್ತವೆ.

ತೆಪ್ಪಕ್ಕೇ ಎಂಜಿನ್ ಕಟ್ಟಬಹುದಲ್ಲ ಎಂದು ಕೇಳುವವರಿದ್ದಾರೆ. ದಯವಿಟ್ಟು ಆ ಪ್ರಯತ್ನ ಬೇಡ. ತೆಪ್ಪ ದುಂಡಗಿದೆ, ಎಂಜಿನ್ ಕೂರಲು ಅದಕ್ಕೆ ನೆಟ್ಟಗಿನ ಹಿಂಬದಿ ಹಲಗೆಯೂ ಇಲ್ಲ, ನೀರಿನಲ್ಲಿ ದಿಕ್ಕು ಹಿಡಿಯುವ ಅಡಿಯೂ ಇಲ್ಲ. ಎಂಜಿನ್ ತಳ್ಳಿದರೆ ಅದು ಮುಂದಕ್ಕೆ ಹೋಗುವ ಬದಲು ಸುತ್ತುತ್ತದೆ, ಭಾರ ಒಂದೇ ಕಡೆ ಬಿದ್ದು ಮಗುಚುತ್ತದೆ.

ಇನ್ನು ಎಚ್‌ಪಿ ವಿಷಯ. ಅಂಗಡಿಗೆ ಹೋದರೆ 25, 40 ಎಚ್‌ಪಿಯ ಎಂಜಿನ್ ತೋರಿಸುತ್ತಾರೆ. ಕಂಬಳಿ ಹೊದ್ದು ಎಲೆ ಅಡಿಕೆ ಹಾಕಿಕೊಂಡು ಕೂತು ಹೋಗುವ ದೋಣಿಗೆ ಅಷ್ಟು ಶಕ್ತಿ ಏನು ಮಾಡುತ್ತದೆ ಎಂದು ನೋಡೋಣ. ನೀರಿನ ಮಟ್ಟದಲ್ಲಿ 18 ಅಡಿ ಉದ್ದ ಇರುವ ದೋಣಿ ಭಾರ ಹೊತ್ತು ನೀರನ್ನು ಸೀಳಿಕೊಂಡು ಸುಲಭವಾಗಿ ಹೋಗಬಲ್ಲ ವೇಗ ಗಂಟೆಗೆ ಸುಮಾರು 10 ಕಿಲೋಮೀಟರ್. ಅದು ದೋಣಿಯ ಉದ್ದ ಗೊತ್ತುಮಾಡುವ ಮಿತಿ. ಅಲ್ಲಿಗೆ ಬಂದಾಗ ದೋಣಿ ತಾನೇ ಎಬ್ಬಿಸಿದ ಅಲೆಯ ಗುಂಡಿಯಲ್ಲಿ ಕೂತಿರುತ್ತದೆ; ಮೂತಿ ಮೇಲೆದ್ದು ಹಿಂಬದಿ ಕುಸಿಯುವುದು ನಿಮ್ಮ ಕಣ್ಣಿಗೇ ಕಾಣುತ್ತದೆ. ಅದಕ್ಕಿಂತ ಜೋರಾಗಿ ಹೋಗಬೇಕಾದರೆ ಆ ಗುಂಡಿಯಿಂದ ಹತ್ತಿ ನೀರಿನ ಮೇಲೆ ಜಾರುವಷ್ಟು ಶಕ್ತಿ ಬೇಕು. ಪ್ರವಾಸಿಗರ ಸ್ಪೀಡ್ ಬೋಟ್ ಮಾಡುವುದು ಅದನ್ನೇ. ಬಲೆ, ಐಸ್, ಮೀನು, ಮೂರು ಜನ ಸೇರಿ ಒಂದು ಟನ್ ದಾಟಿದ ನಮ್ಮ ದೋಣಿಗೆ ಆ ಹಂಬಲವೇ ನಷ್ಟ. ಒಂದು ಟನ್ ಭಾರವನ್ನು ಅದರ ಸಹಜ ವೇಗದಲ್ಲಿ ತಳ್ಳಲು ಐದಾರು ಎಚ್‌ಪಿ ನೀರಿಗೆ ಮುಟ್ಟಿದರೆ ಸಾಕು. ಗಾಳಿ, ಅಲೆ, ಎಳೆಯುವ ತೆಪ್ಪಗಳಿಗೆಂದು ಸ್ವಲ್ಪ ಕೈಯಲ್ಲಿರಲಿ ಎಂದರೂ 8ರಿಂದ 10 ಎಚ್‌ಪಿಗೆ ಮುಗಿಯಿತು.

ಕರಾವಳಿಯಲ್ಲಿ ಮುಂಗಾರಿನ ಮೀನುಗಾರಿಕೆ ನಿಷೇಧ ಇದ್ದಾಗಲೂ 10 ಎಚ್‌ಪಿವರೆಗಿನ ನಾಡದೋಣಿಗಳಿಗೆ ವಿನಾಯಿತಿ ಇದೆ. ಅಂದರೆ ಕಡಲಿನ ದಡದ ಅಲೆಯಲ್ಲೇ ಆ ಗಾತ್ರದ ಎಂಜಿನ್ ನಂಬಿ ದುಡಿಯುವವರಿದ್ದಾರೆ. ನಮ್ಮ ಹಿನ್ನೀರಿನಲ್ಲಿ ಅದಕ್ಕಿಂತ ದೊಡ್ಡದು ಯಾವ ಕೆಲಸಕ್ಕೆ?

ಈಗ ಲೀಟರ್ ಲೆಕ್ಕ. ಪೆಟ್ರೋಲ್ ಲೀಟರಿಗೆ 100 ರೂಪಾಯಿ ಎಂದು ಲೆಕ್ಕದ ಅನುಕೂಲಕ್ಕೆ ಹಿಡಿಯೋಣ. ದಡದಿಂದ ಬಲೆಯ ಜಾಗಕ್ಕೆ 8 ಕಿಲೋಮೀಟರ್, ಹೋಗಿ ಬರಲು 16 ಎಂದುಕೊಳ್ಳಿ. ಹತ್ತು ಎಚ್‌ಪಿಯ ಫೋರ್ ಸ್ಟ್ರೋಕ್ ಪೂರ್ತಿ ಥ್ರಾಟಲ್‌ನಲ್ಲಿ ಗಂಟೆಗೆ ಸುಮಾರು 4 ಲೀಟರ್ ಕುಡಿಯುತ್ತದೆ. ಥ್ರಾಟಲ್ ಇಳಿಸಿ ಗಂಟೆಗೆ ಒಂಬತ್ತು, ಹತ್ತು ಕಿಲೋಮೀಟರ್ ವೇಗದಲ್ಲಿ ಓಡಿಸಿದರೆ ಎರಡು, ಎರಡೂವರೆ ಲೀಟರ್. ಹದಿನಾರು ಕಿಲೋಮೀಟರ್‌ಗೆ ಹೆಚ್ಚೆಂದರೆ 4 ಲೀಟರ್, 400 ರೂಪಾಯಿ. ಅದೇ ದೋಣಿಗೆ ಕಾರ್ಬುರೇಟರ್ ಇರುವ 25 ಎಚ್‌ಪಿಯ ಟು ಸ್ಟ್ರೋಕ್ ಹಾಕಿ ಕಿವಿ ಹಿಂಡಿ ಓಡಿಸಿದರೆ ಗಂಟೆಗೆ 11 ಲೀಟರ್ ಆಸುಪಾಸು. ಗಂಟೆಗೆ 20 ಕಿಲೋಮೀಟರ್ ಹೋಯಿತು ಎಂದೇ ಇಟ್ಟುಕೊಂಡರೂ ಸುಮಾರು 9 ಲೀಟರ್, 900 ರೂಪಾಯಿ, ಅದರ ಮೇಲೆ ಆಯಿಲ್ ಖರ್ಚು. ಉಳಿದದ್ದು ಒಂದು ಗಂಟೆಗೂ ಕಡಿಮೆ ಹೊತ್ತು. ಅಷ್ಟು ಹೊತ್ತಿಗೆ 500 ರೂಪಾಯಿ ಕೊಡುವ ಶಕ್ತಿ ನಮ್ಮ ಯಾವ ಮನೆಗಿದೆ? ತಿಂಗಳಿಗೆ ಇಪ್ಪತ್ತು ದಿನ ಎಂದರೆ 10,000 ರೂಪಾಯಿ. ಮೊದಲಿನ 400 ರೂಪಾಯಿಯನ್ನು ಹತ್ತು ತೆಪ್ಪದವರು ಹಂಚಿಕೊಂಡರೆ ತಲಾ 40. ತೆಪ್ಪ ಎಳೆಯುವ ದಿನ ನಿಧಾನ ಹೆಚ್ಚು, ಸಂಜೆಗೊಮ್ಮೆ ಬೆಳಿಗ್ಗೆಗೊಮ್ಮೆ ಓಡಾಟ ಎಂದು ಇದನ್ನು ಎರಡು ಪಟ್ಟು ಮಾಡಿದರೂ ತಲಾ 80. ಇದು ನಿಮ್ಮ ಕೈಗೆ ಸಿಗುವ ಲೆಕ್ಕ. ನಿಮ್ಮ ದಡದ ದೂರ ಹಾಕಿ ನೀವೇ ಮತ್ತೆ ಮಾಡಿ ನೋಡಿ.

ಥ್ರಾಟಲ್ ಇಳಿಸುವುದರಲ್ಲಿ ಎಷ್ಟು ಉಳಿತಾಯ ಇದೆ ಎಂಬುದನ್ನು ಕರಾವಳಿಯಲ್ಲೂ ಎಲ್ಲರೂ ನಂಬುವುದಿಲ್ಲ. ನೀರಿನಲ್ಲಿ ಎಂಜಿನ್ನಿನ ಫ್ಯಾನ್, ಅಂದರೆ ಪ್ರೊಪೆಲ್ಲರ್, ತಿರುಗಿಸಲು ಬೇಕಾದ ಶಕ್ತಿ ಅದರ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ, ಇಳಿಯುತ್ತದೆ. ಆರ್‌ಪಿಎಂ ನೂರರಲ್ಲಿ ಹತ್ತು ಭಾಗ ಇಳಿಸಿದರೆ ಬೇಕಾದ ಶಕ್ತಿ ಸುಮಾರು 27 ಭಾಗ ಇಳಿಯುತ್ತದೆ. ಇಪ್ಪತ್ತು ಭಾಗ ಇಳಿಸಿದರೆ ಹೆಚ್ಚುಕಡಿಮೆ ಅರ್ಧಕ್ಕೆ ಬರುತ್ತದೆ. ದಡ ತಲುಪಲು ಹತ್ತು ಹದಿನೈದು ನಿಮಿಷ ಹೆಚ್ಚು ಹಿಡಿದೀತು. ಎಂಜಿನ್ ಕಂಪನಿ ಯಾವುದೇ ಇರಲಿ, ಹಿಡಿಕೆ ಹಿಡಿದ ಕೈ ಉಳಿಸುವಷ್ಟು ಪೆಟ್ರೋಲನ್ನು ಯಾವ ಎಂಜಿನ್ನೂ ಉಳಿಸಲಾರದು. ಸಂಘದ ದೋಣಿಗೆ ಓಡಿಸುವವನನ್ನು ಆರಿಸುವಾಗ ಜೋರಾಗಿ ಓಡಿಸುವ ಹುಡುಗನನ್ನಲ್ಲ, ತಾಳ್ಮೆಯವನನ್ನು ಆರಿಸಿ. ತಿಂಗಳ ಕೊನೆಗೆ ಲೀಟರ್ ಪುಸ್ತಕ ತೆಗೆದು ಎಲ್ಲರ ಮುಂದೆ ಓದಿ.

ಟು ಸ್ಟ್ರೋಕ್ ಬೇಡ ಎನ್ನಲು ಖರ್ಚಿಗಿಂತ ದೊಡ್ಡ ಕಾರಣ ಇದೆ. ಈ ಮಾತನ್ನು ದಯವಿಟ್ಟು ಗಟ್ಟಿಯಾಗಿ ಹಿಡಿದುಕೊಳ್ಳಿ. ಹಳೆಯ ಕಾರ್ಬುರೇಟರ್ ಟು ಸ್ಟ್ರೋಕ್ ಎಂಜಿನ್ನಿನಲ್ಲಿ ಹೊಸ ಪೆಟ್ರೋಲ್ ಒಳಗೆ ಬರುವುದೂ ಸುಟ್ಟ ಹೊಗೆ ಹೊರಗೆ ಹೋಗುವುದೂ ಒಂದೇ ಹೊತ್ತಿನಲ್ಲಿ. ಹಾಕಿದ ಇಂಧನದಲ್ಲಿ ಕಾಲು ಭಾಗದಷ್ಟು ಸುಡದೆಯೇ ಹೊರಗೆ ಹೋಗುತ್ತದೆ. ಔಟ್‌ಬೋರ್ಡ್‌ನ ಹೊಗೆ ಕೊಳವೆ ಇರುವುದು ನೀರಿನೊಳಗೆ. ಲೀಟರಿಗೆ 20 ಮಿಲಿಲೀಟರ್‌ನಂತೆ ಬೆರೆಸಿದ ಆಯಿಲ್ ಕೂಡ ಅದೇ ದಾರಿ. ಆ ನೀರು ಎಲ್ಲಿಗೆ ಹೋಗುತ್ತದೆ? ಹಾಸನ ಪೇಟೆಯ ನಲ್ಲಿಗೆ ಗೊರೂರಿನ ಹೇಮಾವತಿ ಅಣೆಕಟ್ಟಿನಿಂದ ಹೋಗುತ್ತದೆ. ಹೊಳೆನರಸೀಪುರದ ಹೊಳೆಯಲ್ಲಿ ಹರಿಯುತ್ತದೆ. ಬಾಗೂರು ನವಿಲೆ ಸುರಂಗ ದಾಟಿ ತುಮಕೂರಿನವರ ಬುಗುಡನಹಳ್ಳಿ ಕೆರೆಗೆ ಸೇರುತ್ತದೆ. ನಿಮ್ಮ ಮೀನೂ ಅದೇ ನೀರಿನಲ್ಲಿ ಬೆಳೆಯುತ್ತದೆ. ಸೀಮೆಎಣ್ಣೆ ವಾಸನೆ ಹೊಡೆಯುವ ಮೀನನ್ನು ಒಮ್ಮೆ ತಿಂದವರು ಮತ್ತೆ ಆ ದಡದ ಮೀನು ಕೇಳುವುದಿಲ್ಲ. ಅಮೆರಿಕದಲ್ಲಿ ಕ್ಯಾಲಿಫೋರ್ನಿಯಾ, ನೆವಾಡಾ ಗಡಿಯ ತಾಹೋ ಸರೋವರ ಸುತ್ತಲಿನ ಊರುಗಳಿಗೆ ಕುಡಿಯುವ ನೀರು ಕೊಡುತ್ತದೆ. ಅಲ್ಲಿ 1999ರಲ್ಲೇ ಕಾರ್ಬುರೇಟರ್ ಟು ಸ್ಟ್ರೋಕ್ ದೋಣಿ ಎಂಜಿನ್‌ಗಳನ್ನು ನಿಷೇಧಿಸಿದರು. ನಮ್ಮ ಮೇಲೆ ಯಾರೋ ನಿಷೇಧ ಹೇರುವವರೆಗೆ ನಾವು ಕಾಯಬೇಕಾಗಿಲ್ಲ. ನೀವೇ ಸಂಘದಲ್ಲಿ ನಿರ್ಣಯ ಮಾಡಿಕೊಂಡರೆ, ನಾಳೆ ಕಾವೇರಿ ನೀರಾವರಿ ನಿಗಮದ ಮುಂದೆ, ಮೀನುಗಾರಿಕೆ ಇಲಾಖೆಯ ಮುಂದೆ ಅನುಮತಿ ಕೇಳಲು ನಿಂತಾಗ ನಿಮ್ಮ ಮಾತಿಗೆ ತೂಕ ಬರುತ್ತದೆ.

ಮಲ್ಪೆ ಕಡೆಯಿಂದ ಹಳೆಯ ಸೀಮೆಎಣ್ಣೆ ಎಂಜಿನ್ ಅಗ್ಗಕ್ಕೆ ಸಿಗುತ್ತದೆ ಎಂದು ಯಾರಾದರೂ ಹೇಳಿದರೆ ಮರುಳಾಗಬೇಡಿ. ಪೆಟ್ರೋಲ್ ಹಾಕಿ ಶುರು ಮಾಡಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸುವ ಆ ಟು ಸ್ಟ್ರೋಕ್ ಎಂಜಿನ್‌ಗಳು ನಾಡದೋಣಿಯವರನ್ನು ದಶಕಗಳ ಕಾಲ ಸಾಕಿವೆ, ಅದಕ್ಕೆ ಗೌರವ ಇರಲಿ. ಆದರೆ ಅವು ನಡೆದದ್ದು ಸರ್ಕಾರದ ಸಬ್ಸಿಡಿ ಸೀಮೆಎಣ್ಣೆಯ ಬಲದಿಂದ. ಆ ಸೀಮೆಎಣ್ಣೆ ಹೊತ್ತಿಗೆ ಸಿಗದೆ ಅವರು ಪಟ್ಟ ಪಾಡು ಪ್ರತಿವರ್ಷ ಪತ್ರಿಕೆಯಲ್ಲಿ ಓದಿದ್ದೇವೆ. 2023ರ ಜುಲೈ ಬಜೆಟ್‌ನಲ್ಲಿ ರಾಜ್ಯ ಸರ್ಕಾರವೇ ಸೀಮೆಎಣ್ಣೆ ಎಂಜಿನ್ ಬಿಟ್ಟು ಪೆಟ್ರೋಲ್ ಅಥವಾ ಡೀಸೆಲ್ ಎಂಜಿನ್ ಹಾಕುವ ದೋಣಿಗೆ ತಲಾ 50,000 ರೂಪಾಯಿ ಸಹಾಯಧನ ಘೋಷಿಸಿತು. ಕರಾವಳಿಯವರು ಕೈಬಿಡುತ್ತಿರುವ ಎಂಜಿನ್ ಘಾಟಿ ಹತ್ತಿ ನಮ್ಮ ಕುಡಿಯುವ ನೀರಿಗೆ ಬಂದು ಬೀಳುವುದು ಬೇಡ.

ಕಂಪನಿಯ ಮಾತು. ಹೋಂಡಾ, ಯಮಹಾ, ಸುಜುಕಿ, ಟೊಹಾಟ್ಸು, ಮರ್ಕ್ಯುರಿ ಎಲ್ಲವೂ ಈ ಗಾತ್ರದಲ್ಲಿ ಫೋರ್ ಸ್ಟ್ರೋಕ್ ಮಾಡುತ್ತವೆ. ಇವುಗಳ ನಡುವೆ ಪೆಟ್ರೋಲ್ ಕುಡಿಯುವುದರಲ್ಲಿ ಇರುವ ವ್ಯತ್ಯಾಸ, ಸರಿಯಾದ ಫ್ಯಾನ್ ಹಾಕಿದ್ದಕ್ಕೂ ತಪ್ಪು ಫ್ಯಾನ್ ಹಾಕಿದ್ದಕ್ಕೂ ಇರುವ ವ್ಯತ್ಯಾಸಕ್ಕಿಂತ ಕಡಿಮೆ. ನಾನು ಕಂಪನಿಯ ಹೆಸರಿಗಿಂತ ಬಿಡಿಭಾಗ ಎಲ್ಲಿ ಸಿಗುತ್ತದೆ ಎಂದು ಕೇಳುತ್ತೇನೆ. ಮಳೆಗಾಲದಲ್ಲಿ ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದರೆ ಮಂಗಳೂರಿನಿಂದ ಒಂದು ಪುಟ್ಟ ರಬ್ಬರ್ ಭಾಗ ಬರಲೂ ದಿನಗಟ್ಟಲೆ ಹಿಡಿಯುತ್ತದೆ. ನೀರಿನ ಪಂಪಿನ ಇಂಪೆಲ್ಲರ್, ಸ್ಪಾರ್ಕ್ ಪ್ಲಗ್, ಪೆಟ್ರೋಲ್ ಫಿಲ್ಟರ್, ಫ್ಯಾನ್ ಪಿನ್ ಇವುಗಳ ಒಂದೊಂದು ಜೊತೆಯನ್ನು ಮೇ ತಿಂಗಳಲ್ಲೇ ತಂದು ಸಂಘದ ಕಪಾಟಿನಲ್ಲಿಡಿ.

ಫ್ಯಾನ್ ಎಂದೆ. ಇಡೀ ವ್ಯವಹಾರದಲ್ಲಿ ಹೆಚ್ಚು ಪೆಟ್ರೋಲ್ ಉಳಿಸುವುದೂ ಅದೇ, ಎಲ್ಲರೂ ಮರೆಯುವುದೂ ಅದನ್ನೇ. ಎಂಜಿನ್ ಜೊತೆ ಬರುವ ಫ್ಯಾನ್ ಸಾಮಾನ್ಯವಾಗಿ ಹಗುರ ದೋಣಿ ಜೋರಾಗಿ ಓಡಲೆಂದು ಮಾಡಿದ್ದು. ಒಂದು ಸುತ್ತಿಗೆ ಅದು ಎಷ್ಟು ಇಂಚು ಮುಂದೆ ಹೋಗಬೇಕೋ ಅದನ್ನು ಪಿಚ್ ಎನ್ನುತ್ತಾರೆ. ಭಾರದ ದೋಣಿಗೆ ದೊಡ್ಡ ಪಿಚ್ ಹಾಕಿದರೆ, ಕಬ್ಬು ತುಂಬಿದ ಟ್ರ್ಯಾಕ್ಟರನ್ನು ಟಾಪ್ ಗೇರಿನಲ್ಲಿ ಏರು ಹತ್ತಿಸಿದಂತೆ ಎಂಜಿನ್ ಏದುಸಿರು ಬಿಡುತ್ತದೆ. ಪರೀಕ್ಷೆ ಸುಲಭ. ದೋಣಿಗೆ ದಿನನಿತ್ಯದ ಭಾರ ತುಂಬಿ, ಪೂರ್ತಿ ಥ್ರಾಟಲ್ ಕೊಟ್ಟು, ಆರ್‌ಪಿಎಂ ಮೀಟರ್ ನೋಡಿ. ಕಂಪನಿಯ ಪುಸ್ತಕದಲ್ಲಿ ಪೂರ್ತಿ ಥ್ರಾಟಲ್‌ಗೆ ಇಷ್ಟರಿಂದ ಇಷ್ಟು ಆರ್‌ಪಿಎಂ ಎಂದು ಬರೆದಿರುತ್ತಾರೆ, ಸಣ್ಣ ಫೋರ್ ಸ್ಟ್ರೋಕ್‌ಗಳಲ್ಲಿ ಬಹುತೇಕ 5,000ದಿಂದ 6,000ದ ನಡುವೆ. ಅಷ್ಟು ಮುಟ್ಟದಿದ್ದರೆ ಪಿಚ್ ಹೆಚ್ಚಾಯಿತು. ಒಂದು ಇಂಚು ಪಿಚ್ ಇಳಿಸಿದರೆ 150, 200 ಆರ್‌ಪಿಎಂ ಏರುತ್ತದೆ. ಭಾರ ಎಳೆಯುವುದಕ್ಕೆಂದೇ ದೊಡ್ಡ ಫ್ಯಾನ್, ನಿಧಾನದ ಗೇರ್ ಇಟ್ಟ ಹೈ ಥ್ರಸ್ಟ್ ಮಾದರಿಗಳೂ 10 ಎಚ್‌ಪಿ ಆಸುಪಾಸಿನಲ್ಲಿವೆ. ತೆಪ್ಪಗಳನ್ನು ಎಳೆಯುವ ದೋಣಿಗೆ ಅದನ್ನೇ ಕೇಳಿ. ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ಇಲ್ಲಿ ನಮ್ಮ ಹಾಸನ ಸೀಮೆಗೆ ಮಾತ್ರ ಸಂಬಂಧಿಸಿದ ಒಂದು ವಿಷಯ ಇದೆ, ಕರಾವಳಿಯ ಅಂಗಡಿಯವರು ಅದನ್ನು ಹೇಳಲಾರರು, ಅವರಿಗೆ ಅದರ ಅಗತ್ಯವೇ ಬಿದ್ದಿರುವುದಿಲ್ಲ. ಗೊರೂರು ಅಣೆಕಟ್ಟು ತುಂಬಿದಾಗ ನೀರಿನ ಮಟ್ಟ ಸಮುದ್ರ ಮಟ್ಟದಿಂದ 2,922 ಅಡಿ. ಎತ್ತರಕ್ಕೆ ಹೋದಷ್ಟೂ ಗಾಳಿ ತೆಳುವಾಗುತ್ತದೆ, ಎಂಜಿನ್ ಒಂದು ಉಸಿರಿಗೆ ಎಳೆಯುವ ಗಾಳಿ ಕಡಿಮೆಯಾಗುತ್ತದೆ. ಸಾವಿರ ಅಡಿಗೆ ನೂರರಲ್ಲಿ ಮೂರು ಭಾಗದಂತೆ ಶಕ್ತಿ ಕುಗ್ಗುತ್ತದೆ ಎಂಬುದು ಮೆಕ್ಯಾನಿಕ್‌ಗಳ ವಾಡಿಕೆಯ ಲೆಕ್ಕ. ಮಲ್ಪೆಯಲ್ಲಿ ಹತ್ತು ಎಚ್‌ಪಿ ಕೊಡುವ ಎಂಜಿನ್ ನಮ್ಮ ಹಿನ್ನೀರಿನಲ್ಲಿ ಒಂಬತ್ತೇ ಕೊಡುತ್ತದೆ. ಇದಕ್ಕೆ ದೊಡ್ಡ ಎಂಜಿನ್ ಪರಿಹಾರವಲ್ಲ. ಒಂದು ಇಂಚು ಕಡಿಮೆ ಪಿಚ್‌ನ ಫ್ಯಾನ್, ಕಾರ್ಬುರೇಟರ್ ಇದ್ದರೆ ಎತ್ತರಕ್ಕೆ ತಕ್ಕ ಜೆಟ್. ಕರಾವಳಿಯ ಜೆಟ್‌ನಲ್ಲೇ ಓಡಿಸಿದರೆ ಪೆಟ್ರೋಲ್ ಹೆಚ್ಚು, ಗಾಳಿ ಕಡಿಮೆಯಾಗಿ ಪ್ಲಗ್ ಕಪ್ಪಗಾಗುತ್ತದೆ, ದುಡ್ಡು ಹೊಗೆಯಾಗಿ ಹೋಗುತ್ತದೆ. ಫ್ಯುಯೆಲ್ ಇಂಜೆಕ್ಷನ್ ಇರುವ ಎಂಜಿನ್ ಇದನ್ನು ತಾನೇ ಸರಿಮಾಡಿಕೊಳ್ಳುತ್ತದೆ, ಬೆಲೆ ಹೆಚ್ಚು. ಸಂಘದ ಹೆಸರಿನಲ್ಲಿ ಕೊಳ್ಳುವುದಾದರೆ ನಾನು ಇಂಜೆಕ್ಷನ್ ಕಡೆಗೇ ವಾಲುತ್ತೇನೆ.

ಪೆಟ್ರೋಲಿನಲ್ಲಿ ಈಗ 20 ಭಾಗ ಎಥೆನಾಲ್ ಇದೆ. ಬಂಕಿನಲ್ಲಿ ಸಿಗುವುದು ಅದೇ. ಬಹುತೇಕ ಔಟ್‌ಬೋರ್ಡ್ ಕಂಪನಿಗಳ ಪುಸ್ತಕದಲ್ಲಿ 10 ಭಾಗದವರೆಗೆ ಮಾತ್ರ ಸರಿ ಎಂದು ಬರೆದಿರುತ್ತದೆ. ಎಥೆನಾಲ್ ನೀರನ್ನು ಹೀರುತ್ತದೆ. ಹಿನ್ನೀರಿನ ಮಂಜಿನಲ್ಲಿ ಅರ್ಧ ತುಂಬಿದ ಟ್ಯಾಂಕನ್ನು ವಾರಗಟ್ಟಲೆ ಬಿಟ್ಟರೆ ತಳದಲ್ಲಿ ನೀರು ಬೇರೆಯಾಗಿ ಕೂರುತ್ತದೆ, ಕಾರ್ಬುರೇಟರಿನಲ್ಲಿ ಬಿಳಿ ಪುಡಿ ಕಟ್ಟುತ್ತದೆ. ಸ್ಪ್ರೇಯರ್‌ಗಳಲ್ಲಿ ಇದನ್ನು ಈಗ ದಿನವೂ ನೋಡುತ್ತಿದ್ದೇನೆ. ಎಥೆನಾಲ್‌ಗೆ ಶಕ್ತಿಯೂ ಕಡಿಮೆ, ಲೀಟರಿಗೆ ಓಡುವ ದೂರ ಆರೇಳು ಭಾಗ ಇಳಿಯುತ್ತದೆ. ಈ ಪೆಟ್ರೋಲಿಗೆ ಪೈಪು, ಸೀಲು ತಡೆಯುತ್ತವೆಯೇ, ಹಾಳಾದರೆ ವಾರಂಟಿ ಇದೆಯೇ ಎಂಬುದನ್ನು ಮಾರುವವರಿಂದ ಬರಹದಲ್ಲೇ ಪಡೆಯಿರಿ, ಬಾಯಿಮಾತು ಬೇಡ. ಮಳೆಗಾಲದಲ್ಲಿ ಬಲೆ ನಿಲ್ಲಿಸುವಾಗ ಟ್ಯಾಂಕ್ ಬರಿದು ಮಾಡಿ, ಕಾರ್ಬುರೇಟರ್ ಖಾಲಿಯಾಗುವವರೆಗೆ ಎಂಜಿನ್ ಓಡಿಸಿ ನಿಲ್ಲಿಸಿ.

ನೀರಿನ ಅಡಿ ಏನಿದೆ ಎಂಬುದು ನನಗಿಂತ ನಿಮಗೆ ಗೊತ್ತು. 1979ರಲ್ಲಿ ಅಣೆಕಟ್ಟು ಮುಗಿದು ನೀರು ನಿಂತಾಗ ಮುಳುಗಿದ್ದು ಶೆಟ್ಟಿಹಳ್ಳಿಯ ಚರ್ಚ್ ಒಂದೇ ಅಲ್ಲ. ಅದರ ಗೋಡೆ ಎತ್ತರ ಇದ್ದುದರಿಂದ ಇಂದಿಗೂ ಎದ್ದು ಕಾಣುತ್ತದೆ, ಜನ ಫೋಟೊ ತೆಗೆಯಲು ಬರುತ್ತಾರೆ. ಊರುಗಳ ಮನೆ ಗೋಡೆ, ಬಾವಿ ಕಟ್ಟೆ, ಮರದ ಬುಡ ಯಾವುವೂ ಕಾಣುವುದಿಲ್ಲ. ಹುಟ್ಟು ಹಾಕುವ ತೆಪ್ಪ ಅವುಗಳ ಮೇಲೆ ಸವರಿಕೊಂಡು ಹೋಗುತ್ತದೆ; ಎಂಜಿನ್ನಿನ ಕಾಲು ಒಂದೂವರೆ, ಎರಡು ಅಡಿ ಕೆಳಗಿರುತ್ತದೆ. ಬೇಸಿಗೆಯಲ್ಲಿ ನೀರು ಇಳಿದಂತೆ ನಿನ್ನೆ ಇಲ್ಲದ ಬುಡ ಇವತ್ತು ಎದುರಾಗುತ್ತದೆ. ಆದ್ದರಿಂದ ಮುಂದಕ್ಕೆ ಹೋಗುವಾಗ ಎಂಜಿನ್ ಮೇಲಕ್ಕೆ ಮಡಚಿಕೊಳ್ಳುವ ಕೊಂಡಿಯನ್ನು ಬಿಗಿಯಬೇಡಿ, ಬಡಿದರೆ ತಾನೇ ಏಳಲಿ. ಸ್ಟೀಲ್ ಫ್ಯಾನ್ ಗಟ್ಟಿ ಎಂದು ತರಬೇಡಿ. ಅಲ್ಯೂಮಿನಿಯಂ ಫ್ಯಾನ್ ಬಾಗುತ್ತದೆ, ಒಳಗಿನ ಗೇರ್ ಉಳಿಯುತ್ತದೆ. ದೋಣಿಯ ಹಿಂಬದಿ ಹಲಗೆಯ ಎತ್ತರ ಅಳೆದು ಅದಕ್ಕೆ ತಕ್ಕ ಕಾಲಿನ ಎಂಜಿನ್ ತನ್ನಿ, ಸಾಮಾನ್ಯವಾಗಿ 15 ಇಂಚು, 20 ಇಂಚು ಎಂಬ ಎರಡು ಅಳತೆ. ಫ್ಯಾನ್ ಮೇಲಿನ ಚಪ್ಪಟೆ ತಗಡು ದೋಣಿಯ ತಳದ ಸಮಕ್ಕೆ ಅಥವಾ ಒಂದು ಇಂಚು ಕೆಳಗೆ ಇರಬೇಕು. ಅದಕ್ಕಿಂತ ಆಳವಿದ್ದರೆ ನೀರಿನ ಎಳೆತ ಹೆಚ್ಚಿ ಪೆಟ್ರೋಲ್ ದಂಡ, ಮೇಲಿದ್ದರೆ ಫ್ಯಾನ್ ಗಾಳಿ ನುಂಗುತ್ತದೆ.

ನಿಮ್ಮ ನೈಲಾನ್ ಬಲೆಯ ಎಳೆ ಫ್ಯಾನ್ ಹಿಂದಿನ ಸಂದಿಗೆ ಸುತ್ತಿಕೊಂಡರೆ ಕಣ್ಣಿಗೆ ಕಾಣದೆ ಸೀಲನ್ನು ಕೊಯ್ಯುತ್ತದೆ. ಗೇರ್ ಆಯಿಲ್ ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಒಳಗೆ ಹೋಗಿದೆ ಎಂದೇ ಅರ್ಥ, ಅಂದೇ ನಿಲ್ಲಿಸಿ. ಉಪ್ಪು ನೀರಿನ ಎಂಜಿನ್‌ಗೆ ತುಕ್ಕು ತಡೆಯಲು ಹಾಕುವ ಸತುವಿನ ತುಂಡು ಸಿಹಿನೀರಿನಲ್ಲಿ ಕೆಲಸ ಮಾಡುವುದಿಲ್ಲ, ಮೆಗ್ನೀಷಿಯಂ ತುಂಡು ಕೇಳಿ ಹಾಕಿಸಿ. ಇಷ್ಟು ಸಾಕು, ಉಳಿದ ರಿಪೇರಿ ಮಾತು ಎಂಜಿನ್ ಬಂದ ಮೇಲೆ.

ಒಂಟಿಯಾಗಿ ದುಡಿಯುವ, ಸಂಘಕ್ಕೆ ದೂರವಿರುವ, ಆಲೂರಿನ ಕಡೆಯ ಕಿರಿದಾದ ಹಿನ್ನೀರಿನ ಬಾಲದಲ್ಲಿರುವ ಮನೆಗಳ ಬಗ್ಗೆಯೂ ಯೋಚಿಸಿದ್ದೇನೆ. ಅಲ್ಲಿ ದುಬಾರಿ ಔಟ್‌ಬೋರ್ಡ್‌ಗಿಂತ ಉದ್ದಬಾಲದ ಎಂಜಿನ್ ವಾಸಿ. ಐದಾರು ಎಚ್‌ಪಿಯ, ಗಾಳಿಯಿಂದ ತಣ್ಣಗಾಗುವ ಪೆಟ್ರೋಲ್ ಪಂಪ್‌ಸೆಟ್ ಎಂಜಿನ್ನಿಗೆ ಉದ್ದ ಶಾಫ್ಟ್ ಜೋಡಿಸಿ ತುದಿಗೆ ಫ್ಯಾನ್ ಹಾಕಿದ್ದು. ಥಾಯ್ಲೆಂಡಿನ ಹೊಳೆಗಳಲ್ಲಿ ಇದೇ ಬಗೆಯ ದೋಣಿಗಳು. ಗಂಟೆಗೆ ಒಂದೂವರೆ ಲೀಟರ್ ಆಸುಪಾಸು, ಆಳವಿಲ್ಲದ ಕಡೆ ಬಾಲ ಎತ್ತಿಕೊಂಡು ಹೋಗಬಹುದು, ಕೆಟ್ಟರೆ ಸಾಲಗಾಮೆಯಲ್ಲೂ ರಿಪೇರಿ, ಅರಕಲಗೂಡಿನಲ್ಲೂ ರಿಪೇರಿ. ಸದ್ದು ಹೆಚ್ಚು. ತಿರುಗುವ ಶಾಫ್ಟ್‌ಗೆ ಪೂರ್ತಿ ಕೊಳವೆ ಮುಚ್ಚಿಸದೆ ಮಾತ್ರ ನೀರಿಗೆ ಇಳಿಸಬೇಡಿ. ಪಂಚೆ, ಸೀರೆಯ ಸೆರಗು ಸಿಕ್ಕಿಕೊಂಡರೆ ಜೀವ ಉಳಿಯುವುದಿಲ್ಲ. ಕೆರೆಯಲ್ಲಿ ಮೀನು ಸಾಕುವ ಚನ್ನರಾಯಪಟ್ಟಣ, ಹೊಳೆನರಸೀಪುರದ ಬಂಧುಗಳಿಗೆ ಎಂಜಿನ್ನೇ ಬೇಡ, ಹುಟ್ಟೇ ಸಾಕು.

ಬ್ಯಾಟರಿ ದೋಣಿಯ ಬಗ್ಗೆ ಕಿರಿಯರು ಕೇಳುತ್ತಾರೆ. ಕೇರಳದ ವೈಕಂನಲ್ಲಿ 2017ರಿಂದ ಆದಿತ್ಯ ಎಂಬ ಸೌರ ದೋಣಿ ಜನರನ್ನು ದಾಟಿಸುತ್ತಿದೆ. ಗೊತ್ತಾದ ದೂರ, ಗೊತ್ತಾದ ಹೊತ್ತು, ನಿಧಾನದ ವೇಗ. ನಮ್ಮ ದಡದ ದೋಣಿಯ ಕೆಲಸವೂ ಹಾಗೇ ಇದೆ. ಕುಡಿಯುವ ನೀರಿಗೆ ಅದಕ್ಕಿಂತ ಒಳ್ಳೆಯದಿಲ್ಲ. ಆದರೆ ಮೊದಲ ಬೆಲೆ ಬಹಳ, ದಡದಲ್ಲಿ ಕರೆಂಟು ಬೇಕು, ಬ್ಯಾಟರಿ ಕೆಟ್ಟರೆ ಯಾರು ನೋಡುತ್ತಾರೆ ಎಂಬುದು ತಿಳಿಯಬೇಕು. ಇವತ್ತು ಸ್ವಂತ ಸಾಲದಲ್ಲಿ ಅದಕ್ಕೆ ಕೈಹಾಕಿ ಎಂದು ನಾನು ಹೇಳಲಾರೆ. ಸರ್ಕಾರ ಒಂದು ದಡದಲ್ಲಿ ಪ್ರಯೋಗಕ್ಕೆ ಕೊಡಲಿ ಎಂದು ಕೇಳುವುದು ನಿಮ್ಮ ಹಕ್ಕು.

ದುಡ್ಡಿನ ದಾರಿ: 2020ರಲ್ಲಿ ಶುರುವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಸಾಂಪ್ರದಾಯಿಕ ಮೀನುಗಾರರ ದೋಣಿ, ಬಲೆಗೆ ಸಹಾಯ ಇದೆ. ಸಾಮಾನ್ಯ ವರ್ಗಕ್ಕೆ ಘಟಕದ ವೆಚ್ಚದ 40 ಭಾಗ, ಪರಿಶಿಷ್ಟ ಜಾತಿ, ಪಂಗಡ ಮತ್ತು ಮಹಿಳೆಯರಿಗೆ 60 ಭಾಗ. ದಡದಲ್ಲಿ ಮೀನು ತೂಗುವ ಅಕ್ಕಂದಿರು ಗುಂಪಾಗಿ ಅರ್ಜಿ ಹಾಕಿದರೆ ದೋಣಿ ಅವರ ಹೆಸರಿಗೇ ಬರಬಹುದೇ ಎಂದು ಹಾಸನದ ಮೀನುಗಾರಿಕೆ ಇಲಾಖೆಯಲ್ಲಿ ಕೇಳಿ. ಹಾಗೆ ಬಂದರೆ ನನಗೆ ಹೆಚ್ಚು ಸಂತೋಷ. ಬೆಲೆ ಏರುವುದು ಇಳಿಯುವುದು ಅವರಿಗೇ ಮೊದಲು ತಿಳಿಯುತ್ತದೆ, ಪೆಟ್ರೋಲ್ ಲೆಕ್ಕವನ್ನು ಅವರಷ್ಟು ಬಿಗಿಯಾಗಿ ಯಾರೂ ಇಡಲಾರರು.

ಕೊನೆಯದಾಗಿ ಒಂದು ಬೇಡಿಕೆ, ಇದು ನಿಮಗೂ, ಹಾಸನದ ಸಾಲಗಾಮೆ ರಸ್ತೆಯಲ್ಲಿರುವ ಮಲೆನಾಡು ಎಂಜಿನಿಯರಿಂಗ್ ಕಾಲೇಜಿನ ಮೆಕ್ಯಾನಿಕಲ್ ವಿಭಾಗದ ಮೇಷ್ಟ್ರುಗಳಿಗೂ. 1960ರಿಂದ ನಮ್ಮ ಜಿಲ್ಲೆಯ ಮಕ್ಕಳಿಗೆ ಎಂಜಿನ್ ಪಾಠ ಹೇಳುತ್ತಿರುವ ಆ ಕಾಲೇಜಿನ ಹುಡುಗರು ಪ್ರಾಜೆಕ್ಟ್ ಕೆಲಸಕ್ಕೆ ವಿಷಯ ಹುಡುಕುತ್ತಲೇ ಇರುತ್ತಾರೆ. ಒಂದು ದೋಣಿ, ಎರಡು ಮೂರು ಫ್ಯಾನ್, ಒಂದು ಅಳತೆ ಗಾಜು, ಮೊಬೈಲಿನಲ್ಲಿ ವೇಗ. ಭಾರ ತುಂಬಿದಾಗ, ತುಂಬದಿದ್ದಾಗ, ಎರಡು ತೆಪ್ಪ ಎಳೆದಾಗ, ನಾಲ್ಕು ತೆಪ್ಪ ಎಳೆದಾಗ ಕಿಲೋಮೀಟರಿಗೆ ಎಷ್ಟು ಮಿಲಿಲೀಟರ್ ಎಂದು ಗೊರೂರಿನ ನೀರಿನಲ್ಲೇ ಅಳೆದು ಕೊಟ್ಟರೆ, ಯಾವ ಕಂಪನಿಯ ಕಾಗದಕ್ಕಿಂತಲೂ ಅದು ನಿಮಗೆ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಸಂಘದಿಂದ ಒಂದು ಕಾಗದ ಬರೆದು ಅವರನ್ನು ಕರೆಯಿರಿ. ಅಳತೆಯ ದಿನ ಹತ್ಯಾರ ಹಿಡಿದು ಬರಲು ನಾನು ಸಿದ್ಧನಿದ್ದೇನೆ. ಅಲ್ಲಿಯವರೆಗೆ ಯಾವ ಅಂಗಡಿಗೂ ಮುಂಗಡ ಕೊಡಬೇಡಿ. ಕೊಡಲೇಬೇಕಾದರೆ, ನಿಮ್ಮ ದೋಣಿಗೆ ನಿಮ್ಮ ಭಾರ ತುಂಬಿ ಹಿನ್ನೀರಿನಲ್ಲಿ ಓಡಿಸಿ ತೋರಿಸಿದ ಮೇಲೆ ಉಳಿದ ದುಡ್ಡು ಎಂದು ಬರೆಸಿಕೊಂಡು ಕೊಡಿ.

ಇತಿ ನಿಮ್ಮವನು,
ಒಬ್ಬ ಎಂಜಿನ್ ಮೆಕ್ಯಾನಿಕ್
ಸಾಲಗಾಮೆ, ಹಾಸನ ತಾಲ್ಲೂಕು